ಮೂರು ದಿನದ ಮಸೂದೆ

"ಇವತ್ತು ಆ ರೂಮಿಗೆ ಬರಬೇಡ, ಒಡೆಟ್."

ಒಡೆಟ್ ಸೀರ್ ನಕ್ಕುಬಿಟ್ಟಳು. ಅಗಸ್ಟಾದಲ್ಲಿ ರಾಜ್ಯದ ಶಾಸನಸಭೆ ಕೂಡುವ ಸ್ಟೇಟ್ ಹೌಸ್‌ನ ಮೆಟ್ಟಿಲ ತಿರುವಿನಲ್ಲಿ ಲಿನ್‌ವುಡ್ ಬೀಲ್ ಅವಳಿಗೆ ಅಡ್ಡ ನಿಂತಿದ್ದ. ಟೈ ಸೊಟ್ಟಗಿತ್ತು. ಬೂಟಿಗೆ ಮಾರ್ಚ್ ತಿಂಗಳ ಕೆಸರು ಮೆತ್ತಿತ್ತು. ನಿದ್ದೆ ಮಾಡಿದವನ ಮುಖವಲ್ಲ ಅದು.

"ಯಾಕೆ? ನಾನು ಎದುರಿಗೆ ಕೂತ್ರೆ ಮಾತು ಮರೆತುಹೋಗುತ್ತಾ?"

"ತಮಾಷೆ ಅಲ್ಲ."

"ಹಾಗಾದ್ರೆ ಏನು?"

ಅವನು ಬಾಯಿ ತೆರೆದ, ಮತ್ತೆ ಮುಚ್ಚಿದ. ಕಿತ್ತಳೆ ಬಣ್ಣದ ಟೋಪಿ ಹಾಕಿದ ಬೇಟೆಗಾರರ ಗುಂಪೊಂದು ಪಕ್ಕದಲ್ಲೇ ಹತ್ತಿಹೋಯಿತು. ಅವರಲ್ಲೊಬ್ಬ ಲಿನ್‌ನ ಬೆನ್ನು ತಟ್ಟಿ, "ಚೆನ್ನಾಗಿ ಮಾತಾಡಪ್ಪ, ಬಿಡಬೇಡ ಇವತ್ತು," ಅಂದ. ಲಿನ್ ತಿರುಗಿ ನೋಡಲೂ ಇಲ್ಲ.

"ಬಾ, ಕೆಳಗೆ ಹೋಗಿ ಕಾಫಿ ಕುಡಿಯೋಣ. ಸ್ವಲ್ಪ ಹೊತ್ತು ಅಷ್ಟೇ. ಒಳಗೆ ಏನೇನು ನಡೀತು ಅಂತ ಆಮೇಲೆ ನಾನೇ ನಿನಗೆ ಹೇಳ್ತೀನಿ."

ಆ ಕೊನೆಯ ಮಾತು ಅವಳಿಗೆ ಚುಚ್ಚಿತು. ಮುಖದ ಮೇಲಿನ ನಗು ಹಾಗೇ ಇಳಿದುಹೋಯಿತು.

"ನೀನು ಹೇಳಿದ್ದನ್ನ ನಾನು ಬರೀಬೇಕಾ? ಬೇಟೆಗಾರರ ಸಂಘದವನ ಬಾಯಿಂದ ಬಂದದ್ದನ್ನ? ನನ್ನನ್ನ ಏನಂತ ತಿಳ್ಕೊಂಡಿದ್ದೀಯ?"

"ಹಾಗಲ್ಲ ಒಡೆಟ್..."

"ದಾರಿ ಬಿಡು."

ಅವನು ಬಿಟ್ಟ.

ಒಡೆಟ್ ಕೆಲಸ ಮಾಡುತ್ತಿದ್ದದ್ದು ಅಗಸ್ಟಾದ ಒಂದು ಚಿಕ್ಕ ವಾರಪತ್ರಿಕೆಯಲ್ಲಿ. ಅಧಿವೇಶನ ಶುರುವಾದರೆ ಬಂದೂಕು, ಪರಿಸರ, ಶಾಸಕರ ನೀತಿ, ಆರೋಗ್ಯ, ಈ ನಾಲ್ಕರ ಮಸೂದೆಗಳೆಲ್ಲ ಅವಳ ಪಾಲು. ಯಾವ ಮಸೂದೆ ಯಾವ ಸಮಿತಿಯಲ್ಲಿ ಕೂತಿದೆ, ಯಾರು ಅದರ ಬಾಲ ಕತ್ತರಿಸಿದರು, ಯಾರು ಸದ್ದಿಲ್ಲದೆ ಅದರ ಉಸಿರು ನಿಲ್ಲಿಸಿದರು ಅಂತ ಶುಕ್ರವಾರ ಶುಕ್ರವಾರ ಅರ್ಧ ಪುಟ ಬರೆಯುತ್ತಿದ್ದಳು. ಬೆಳಿಗ್ಗೆ ಹೋಟೆಲಿನ ಕೌಂಟರ್‌ನಲ್ಲಿ ಮೊಟ್ಟೆ ತಿನ್ನುತ್ತ ಕೂತ ಟ್ರಕ್ ಡ್ರೈವರಿಗೂ ಅರ್ಥವಾಗಬೇಕು, ಅದು ಅವಳ ಹಟ.

ಲಿನ್ ಬೇಟೆಗಾರರ ಸಂಘದ ಪರವಾಗಿ ಶಾಸಕರ ಬೆನ್ನು ಹತ್ತುವವನು. ಜೋನ್ಸ್‌ಪೋರ್ಟ್‌ನ ಮೀನುಗಾರರ ಮಗ. ಶಾಸಕರಿಗಿಂತ ಅವರ ನಾಯಿಗಳ ಹೆಸರು ಅವನಿಗೆ ಚೆನ್ನಾಗಿ ಗೊತ್ತು ಅಂತ ಅವಳು ಅಣಕಿಸುತ್ತಿದ್ದಳು.

ಇಬ್ಬರೂ ಮೊದಲು ಮಾತಾಡಿದ್ದು ಜನವರಿಯಲ್ಲಿ, ಕ್ಯಾಂಟೀನಿನ ಗಾಜಿನ ಡಬ್ಬಿಯ ಮುಂದೆ. ಅದರಲ್ಲಿ ಒಂದೇ ಒಂದು ವೂಪಿ ಪೈ, ನಡುವೆ ಕೆನೆ ತುಂಬಿದ ಚಾಕೊಲೇಟ್ ಕೇಕು, ಉಳಿದಿತ್ತು. ಎರಡು ಕೈಗಳು ಒಟ್ಟಿಗೇ ಅದರತ್ತ ಹೋದವು.

"ನನ್ನದೊಂದು ತಿದ್ದುಪಡಿ ಇದೆ. ಅರ್ಧ ನಿಮಗೆ, ಅರ್ಧ ನನಗೆ," ಅಂದಿದ್ದ ಅವನು.

"ಕೆನೆ ಜಾಸ್ತಿ ಇರೋ ಅರ್ಧ ಪತ್ರಿಕೆಗೆ."

"ಇದನ್ನೇ ಪತ್ರಿಕಾ ಸ್ವಾತಂತ್ರ್ಯ ಅನ್ನೋದಾ?"

ಅವತ್ತಿನಿಂದ ಮೂರು ತಿಂಗಳು. ಹೊರಗೆ ಹಿಮ ಬೀಳುವಾಗ ಅವನು ಅವಳ ಕೋಟಿನ ಟೋಪಿಯಿಂದ ಹಿಮ ಕೊಡವುತ್ತಿದ್ದ. ಆಮೇಲೆ ಹಿಮ ಇಲ್ಲದಾಗಲೂ ಕೊಡವತೊಡಗಿದ. ಅವಳು ಅದನ್ನು ನೋಡಿಯೂ ನೋಡದವಳಂತೆ ನಿಂತಿರುತ್ತಿದ್ದಳು. ಸಭೆಯಲ್ಲಿ ಅವನು ಎದ್ದು ಮಾತಾಡುವಾಗ ಅವಳು ತಲೆ ಎತ್ತುತ್ತಿರಲಿಲ್ಲ, ಎತ್ತಿದರೆ ನಗು ಬರುತ್ತದೆ ಅಂತ. ಅವನು ಅದನ್ನು ಗೊತ್ತಿಟ್ಟುಕೊಂಡು, ಬೇಕಂತಲೇ ಪತ್ರಕರ್ತರ ಮೇಜಿನತ್ತ ತಿರುಗಿ, "ಗೌರವಾನ್ವಿತ ಸದಸ್ಯರೇ," ಅನ್ನುತ್ತಿದ್ದ. ಅಷ್ಟೇ. ಅದಕ್ಕಿಂತ ಮುಂದೆ ಇಬ್ಬರೂ ಹೋಗಿರಲಿಲ್ಲ. ಬರೆಯುವವಳು, ಲಾಬಿ ಮಾಡುವವನು, ಹೋಗುವ ಹಾಗೂ ಇರಲಿಲ್ಲ.

ಆ ಗುರುವಾರ ಅವಳು ಹೋಗಬೇಕಾಗಿದ್ದದ್ದು ನದಿಯ ಮಸೂದೆಗೆ. ಹಳೆಯ ಅಣೆಕಟ್ಟುಗಳಲ್ಲಿ ಮೀನು ಹತ್ತಲು ದಾರಿ ಬಿಡಬೇಕು ಅನ್ನುವ ಮಸೂದೆ ಅದು. ಆದರೆ ಆ ಸಮಿತಿಯ ಅಧ್ಯಕ್ಷರಿಗೆ ಜ್ವರ ಬಂದು ಸಭೆ ಮುಂದೆ ಹೋಗಿತ್ತು. ಹಿಂದಿನ ದಿನ ಮಧ್ಯಾಹ್ನ ಅವಳೇ ಲಿನ್‌ಗೆ ಹೇಳಿದ್ದಳು, "ನಾಳೆ ನಿನ್ನ ಬಂದೂಕಿನ ಸಭೆಗೇ ಬರ್ತೀನಿ, ಹುಷಾರು," ಅಂತ. ಅವನು ಆಗ ಕಣ್ಣು ಮಿಟುಕಿಸಿದ್ದ. ಒಂದು ರಾತ್ರಿ ಕಳೆಯುವಷ್ಟರಲ್ಲಿ ಬರಬೇಡ ಅನ್ನುತ್ತಿದ್ದಾನೆ.

ರೂಮು ತುಂಬಿಹೋಗಿತ್ತು. ಒಂದು ಕಡೆ ಕಿತ್ತಳೆ ಟೋಪಿಗಳು, ಇನ್ನೊಂದು ಕಡೆ ಹಸಿರು ರಿಬ್ಬನ್ ಸಿಕ್ಕಿಸಿಕೊಂಡವರು. ಒಡೆಟ್ ಕಿಟಕಿ ಪಕ್ಕ ಕೂತು ಲ್ಯಾಪ್‌ಟಾಪ್ ತೆರೆದಳು. ಮಸೂದೆ ಸಣ್ಣದು. ಬಂದೂಕು ಕೊಂಡ ದಿನವೇ ಅದು ಕೊಂಡವನ ಕೈಗೆ ಸಿಗಬಾರದು, ಮೂರು ದಿನ ಕಾಯಬೇಕು. ಹಿಂದಿನ ಶುಕ್ರವಾರ ಅವಳೇ ಇದನ್ನು ಬರೆದಿದ್ದಳು. ದುಡುಕಿನಲ್ಲಿ ಕೊಳ್ಳುವವರಿಗೆ ಮನಸ್ಸು ತಣಿಯಲು ಹೊತ್ತು ಸಿಗಲಿ ಅನ್ನುವುದು ಪರ ಇರುವವರ ವಾದ. ತಪ್ಪು ಮಾಡದವರನ್ನು ಯಾಕೆ ಕಾಯಿಸಬೇಕು ಅನ್ನುವುದು ವಿರೋಧಿಗಳ ವಾದ.

ಒಬ್ಬರಾದ ಮೇಲೊಬ್ಬರು ಬಂದು ಮಾತಾಡಿದರು. ಅವಳ ಬೆರಳು ಓಡುತ್ತಿತ್ತು. ಲಿನ್ ಎದುರು ಗೋಡೆಗೆ ಒರಗಿ ನಿಂತಿದ್ದ. ಅವಳು ಅವನತ್ತ ನೋಡಲೇ ಇಲ್ಲ, ಈ ಸಲ ನಗು ಬರುತ್ತದೆ ಅಂತಲ್ಲ.

"ಮುಂದಿನವರು ಲಿಯೋನಿ ಸೀರ್, ಫೋರ್ಟ್ ಕೆಂಟ್," ಅಂದರು ಅಧ್ಯಕ್ಷೆ.

ಒಡೆಟ್‌ಳ ಬೆರಳು ಆ ಹೆಸರನ್ನು ಟೈಪ್ ಮಾಡಿ ಮುಗಿಸಿತು. ಊರನ್ನೂ ಟೈಪ್ ಮಾಡಿತು. ಆಮೇಲೆ ಅವಳಿಗೆ ತಿಳಿಯಿತು, ಅದು ಅಮ್ಮನ ಹೆಸರು.

ಹಿಂದಿನ ಸಾಲಿನಿಂದ ನೀಲಿ ಕೋಟು ಹಾಕಿದ ಹೆಂಗಸು ಎದ್ದು ಬಂದಳು. ಚರ್ಚಿಗೆ ಹೋಗುವಾಗ ಮಾತ್ರ ಹೊರಗೆ ಬರುವ ಕೋಟು ಅದು. ಕೂದಲು ಸೆಟ್ ಮಾಡಿಸಿಕೊಂಡಿದ್ದಳು. ಯಾರ ಮುಖವನ್ನೂ ನೋಡದೆ, ಮೈಕಿನ ಮುಂದಿನ ಕುರ್ಚಿಯ ಅಂಚಿನಲ್ಲಿ ಕೂತಳು.

ಹೆಸರು ಒಂದೇ ಇರಬಹುದು ಅಂದುಕೊಂಡಳು ಒಡೆಟ್, ಅಮ್ಮನ ಮುಖವನ್ನೇ ನೋಡುತ್ತ.

"ನನ್ನ ಹೆಸರು ಲಿಯೋನಿ ಸೀರ್. ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಮಾತಾಡಿ ಅಭ್ಯಾಸ ಇಲ್ಲ ನನಗೆ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ." ದನಿಯಲ್ಲಿ ಉತ್ತರದ ಗಡಿ ಕಣಿವೆಯವರ ಫ್ರೆಂಚ್ ರಾಗ. "ನನ್ನ ಗಂಡ ರೊಮೇನ್. ಮಿಲ್‌ನಲ್ಲಿ ಬೆನ್ನಿಗೆ ಪೆಟ್ಟು ಬಿದ್ದ ಮೇಲೆ ಅವನಿಗೆ ನಿದ್ದೆ ಹೋಯ್ತು. ಆಮೇಲೆ ಮಾತು ಹೋಯ್ತು. ಡಾಕ್ಟರ್ ಹತ್ರ ಹೋದ್ವಿ. ಮನಸ್ಸಿನ ಡಾಕ್ಟರಿಗೆ ತೋರಿಸಿ ಅಂದ್ರು. ಅವರು ಸಿಗೋದು ವಸಂತಕ್ಕೆ ಅಂದ್ರು. ಆಗಿನ್ನೂ ನವೆಂಬರ್."

ಯಾರೋ ಕೆಮ್ಮಿದರು.

"ಬಂದೂಕು ಒರೆಸುವಾಗ ಗುಂಡು ಹಾರಿ ಹೋದ ಅಂತ ಊರಿಗೆಲ್ಲ ಹೇಳಿದ್ದೀನಿ. ಪಾದ್ರಿಗಳಿಗೂ ಹಾಗೇ ಹೇಳಿದ್ದೀನಿ. ಅದು ಸುಳ್ಳು. ನಮ್ಮನೇಲಿ ಬಂದೂಕೇ ಇರಲಿಲ್ಲ. ಅವನ ಕಣ್ಣು ನೋಡಿ ಹೆದರಿ, ಇದ್ದದ್ದನ್ನ ನಾನೇ ನಮ್ಮಣ್ಣನ ಮನೆಗೆ ಸಾಗಿಸಿದ್ದೆ. ಅವತ್ತು ಬೆಳಿಗ್ಗೆ ಪೇಟೆಗೆ ಹೋಗಿ ಹೊಸದು ತಂದ. ಮಧ್ಯಾಹ್ನ ನಾನು ಶಾಲೆಯಿಂದ ಬರೋ ಹೊತ್ತಿಗೆ ಎಲ್ಲ ಮುಗಿದಿತ್ತು."

ಒಡೆಟ್‌ಳ ಕೈ ಕೀಬೋರ್ಡಿನ ಮೇಲೇ ಇತ್ತು. ಪರದೆಯ ಮೇಲೆ ಒಂದೇ ಅಕ್ಷರ ಸಾಲುಗಟ್ಟಿ ಓಡುತ್ತಿತ್ತು.

"ಮಾರನೇ ದಿನ ಅವನ ಅಕ್ಕ ಬರೋಳಿದ್ದಳು. ಅಕ್ಕ ಅಂದ್ರೆ ಅವನಿಗೆ ಪ್ರಾಣ. ಅವಳ ಮುಖ ನೋಡಿದ್ರೆ ಏನಾಗ್ತಿತ್ತೋ. ಮೂರು ದಿನ ಸಿಕ್ಕಿದ್ರೆ ಬದುಕ್ತಿದ್ದ ಅಂತ ನಾನು ಆಣೆ ಇಟ್ಟು ಹೇಳಲ್ಲ. ಯಾರು ಹೇಳೋಕಾಗುತ್ತೆ? ಆದ್ರೆ ನನಗೆ ಆ ಮೂರು ದಿನ ಬೇಕಿತ್ತು. ಅಷ್ಟೇ ನಾನು ಹೇಳೋಕೆ ಬಂದದ್ದು."

ಅವಳು ಕರವಸ್ತ್ರ ಮಡಿಸಿಕೊಂಡು ತಲೆ ಎತ್ತಿದಳು. ಕಣ್ಣು ಅಧ್ಯಕ್ಷೆಯ ಮೇಲಿಂದ ಕಿಟಕಿಯ ಕಡೆಗೆ ಹೊರಳಿ, ಅಲ್ಲೇ ನಿಂತುಬಿಟ್ಟಿತು.

"ಅಯ್ಯೋ ದೇವರೇ," ಅಂದಳು ಲಿಯೋನಿ. ಮೈಕು ಆನ್ ಆಗಿಯೇ ಇತ್ತು. "ನೀನು ನದಿ ಮಸೂದೆಗೆ ಹೋಗ್ತೀನಿ ಅಂದಿದ್ದೆಯಲ್ಲೇ."

ಇಡೀ ರೂಮು ಪತ್ರಕರ್ತರ ಮೇಜಿನತ್ತ ತಿರುಗಿತು.

ಏನು ಮಾಡಬೇಕೆಂದು ತೋಚದೆ ಅಧ್ಯಕ್ಷೆ ಕೈಯಲ್ಲಿದ್ದ ಹಾಳೆ ನೋಡಿ ಮುಂದಿನ ಹೆಸರು ಕೂಗಿಬಿಟ್ಟರು. "ಲಿನ್‌ವುಡ್ ಬೀಲ್, ಬೇಟೆಗಾರರ ಸಂಘ."

ಲಿನ್ ಬಂದು, ಇನ್ನೂ ಬೆಚ್ಚಗಿದ್ದ ಅದೇ ಕುರ್ಚಿಯಲ್ಲಿ ಕೂತ. ತಂದಿದ್ದ ಹಾಳೆ ಬಿಚ್ಚಿ ಓದತೊಡಗಿದ. ಸಂಘದಲ್ಲಿ ಎಷ್ಟು ಊರಿನವರಿದ್ದಾರೆ, ಬೇಟೆ ಹೇಗೆ ಈ ರಾಜ್ಯದ ಜನರ ಊಟವೂ ಹೌದು ಸಂಭ್ರಮವೂ ಹೌದು, ಹೀಗೆ ಒಂದಿಷ್ಟು ಓದಿದ. ಆಮೇಲೆ ನಿಂತ. ಮತ್ತೆ ಆ ಸಾಲಿನ ಮೊದಲಿಗೆ ಹೋದ. ಮತ್ತೆ ನಿಂತ.

"ಬೀಲ್ ಅವರೇ?" ಅಂದರು ಅಧ್ಯಕ್ಷೆ.

"ನಮ್ಮ ಸಂಘ ಈ ಮಸೂದೆಯನ್ನು ವಿರೋಧಿಸುತ್ತೆ," ಅಂದ ಅವನು, ಹಾಳೆಯನ್ನು ಬೋರಲು ಹಾಕಿ. "ಇದಕ್ಕಿಂತ ಹೆಚ್ಚು ಹೇಳೋಕೆ ಇವತ್ತು ನನ್ನ ಕೈಲಿ ಆಗಲ್ಲ. ಕ್ಷಮಿಸಿ."

ಕಿತ್ತಳೆ ಟೋಪಿಗಳ ಸಾಲಿನಲ್ಲಿ ಗುಜುಗುಜು ಎದ್ದಿತು. ಒಡೆಟ್ ಅದನ್ನು ಕೇಳಲು ಇರಲಿಲ್ಲ. ಲ್ಯಾಪ್‌ಟಾಪನ್ನು ಅಲ್ಲೇ ಬಿಟ್ಟು ಹೊರಗೆ ಹೋಗಿದ್ದಳು.

ಲಿಯೋನಿ ಕಾರಿಡಾರಿನಲ್ಲಿ, ಒಳಗಿನ ಮೈಕಿನ ದನಿ ಕೇಳುವಷ್ಟು ಹತ್ತಿರದ ಬೆಂಚಿನ ಮೇಲೆ, ಸತ್ತ ಗವರ್ನರ್ ಒಬ್ಬರ ತೈಲಚಿತ್ರದ ಕೆಳಗೆ ಕೂತಿದ್ದಳು. ಒಡೆಟ್ ಅವಳ ಮುಂದೆ ನಿಂತಳು. ಅಳು ಬರಲಿಲ್ಲ. ಬಾಯಿಂದ ಬಂದದ್ದು ಅವಳಿಗೇ ವಿಚಿತ್ರವೆನಿಸಿತು.

"ಅಷ್ಟು ದೂರ ಒಬ್ಬಳೇ ಗಾಡಿ ಓಡಿಸ್ಕೊಂಡು ಬಂದ್ಯಾ?"

"ನಿನ್ನೆಯೇ ಬಂದೆ. ಬ್ಯಾಂಗೋರ್‌ನಲ್ಲಿ ಚಿಕ್ಕಮ್ಮನ ಮನೇಲಿ ಮಲಗಿದ್ದೆ."

"ನನಗೊಂದು ಮಾತು ಹೇಳ್ಬೇಕು ಅನ್ನಿಸಲಿಲ್ವಾ?"

"ಭಾನುವಾರ ಫೋನಲ್ಲಿ ಹೇಳೋಣ ಅಂದ್ಕೊಂಡೆ. ನೀನು ಮೀನಿನ ಮಾತಾಡ್ತಿದ್ದೆ, ಖುಷಿಯಾಗಿದ್ದೆ. ಹೇಗೆ ಹೇಳಲಿ ಪುಟ್ಟಿ? ಮೊದಲು ಗುರುತಿಲ್ಲದವರ ಮುಂದೆ ಹೇಳಿಬಿಡ್ತೀನಿ, ಆಮೇಲೆ ನಿನ್ನ ಮನೆಗೆ ಬಂದು ನಿನಗೆ ಹೇಳ್ತೀನಿ ಅಂದ್ಕೊಂಡೆ. ಬಾಯಿ ಅಭ್ಯಾಸ ಆಗಲಿ ಅಂತ." ಲಿಯೋನಿ ಮಗಳ ತೋಳು ಹಿಡಿದಳು. "ನೀನು ಬರೆದದ್ದು ಓದಿದೆ. ಕೊಂಡ ದಿನವೇ ಕೈಗೆ ಸಿಗಬಾರದು ಅಂತ ಬರೆದಿದ್ದೆಯಲ್ಲ. ಅದನ್ನ ಓದಿ ಎರಡು ದಿನ ನನ್ನ ಕೈಲಿ ಅಡುಗೆ ಮಾಡೋಕಾಗ್ಲಿಲ್ಲ."

ಆಗ ಲಿನ್ ಬಂದ. ಲಿಯೋನಿ ಕುರ್ಚಿಯ ಬಳಿ ಬಿಟ್ಟುಬಂದಿದ್ದ ಕೈಚೀಲ ಅವನ ಕೈಯಲ್ಲಿತ್ತು. ಅದನ್ನು ಎರಡೂ ಕೈಯಿಂದ ಹಿಡಿದು ಕೊಟ್ಟ.

ಲಿಯೋನಿ ಅವನ ಮುಖ ನೋಡಿದಳು. "ನೀವೇ ಅಲ್ವಾ ಆಮೇಲೆ ಮಾತಾಡಿದ್ದು? ಮಧ್ಯದಲ್ಲಿ ಯಾಕೆ ನಿಲ್ಲಿಸಿದ್ರಿ?"

"ಮುಂದಿನ ಸಾಲು ಓದೋಕೆ ಆಗಲಿಲ್ಲ ಅಮ್ಮ."

"ಏನಿತ್ತು ಅದರಲ್ಲಿ?"

ಅವನು ಒಡೆಟ್‌ಳತ್ತ ನೋಡಿದ. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಸಾಯಬೇಕು ಅಂತ ನಿಶ್ಚಯ ಮಾಡಿದವನಿಗೆ ಮೂರು ದಿನ ಒಂದು ಲೆಕ್ಕವೇ ಅಲ್ಲ ಅಂತ. ನಾನೇ ಬರೆದದ್ದು."

ಲಿಯೋನಿಯ ತುಟಿ ಬಿಳಿಚಿಕೊಂಡಿತು. ಆದರೂ ಅವನ ಮೇಲಿಂದ ಕಣ್ಣು ಕೀಳಲಿಲ್ಲ. "ಈಗಲೂ ಹಾಗೇ ಅನ್ಸುತ್ತಾ?"

"ಗೊತ್ತಿಲ್ಲ. ನಿನ್ನೆ ಸಂಜೆಯಿಂದ ನನಗೇನೂ ಗೊತ್ತಾಗ್ತಿಲ್ಲ."

"ನಿನ್ನೆ ಸಂಜೆಯಿಂದ?" ಅಂದಳು ಒಡೆಟ್.

ಲಿನ್ ಟೈ ಸಡಿಲಿಸಿಕೊಂಡ.

"ನಿನ್ನೆ ಸಂಜೆ ಏನಾಯ್ತು ಲಿನ್?"

"ಮಸೂದೆ ಪರ ಇರೋರಲ್ಲಿ ಒಬ್ಬಳು ಕ್ಯಾಂಟೀನಲ್ಲಿ ಸಿಕ್ಕಿದ್ದಳು. ನಾಳೆ ಫೋರ್ಟ್ ಕೆಂಟ್‌ನಿಂದ ಒಬ್ಬರು ಬರ್ತಾರೆ, ಗಂಡ ಹೀಗೆ ಹೋದ್ರಂತೆ ಅಂದಳು. ಹೆಸರು ಹೇಳಿದಳು." ಅವನ ದನಿ ಇಳಿಯಿತು. "ನಿಮ್ಮಪ್ಪ ಬಂದೂಕು ಒರೆಸುವಾಗ ಹೋದ್ರು ಅಂತ ನೀನು ನನಗೆ ಹೇಳಿದ್ದೆ. ನಿನಗೆ ಗೊತ್ತಿಲ್ಲ ಅಂತ ನನಗೆ ಆಗಲೇ ಗೊತ್ತಾಯ್ತು."

ಬೆಳಿಗ್ಗೆ ಮೆಟ್ಟಿಲ ಮೇಲೆ ಅವನು ಬಾಯಿ ತೆರೆದು ಮುಚ್ಚಿದ್ದು ಅವಳಿಗೆ ಈಗ ಅರ್ಥವಾಯಿತು. ಅರ್ಥವಾದಷ್ಟೂ ಸಿಟ್ಟು ಏರಿತು.

"ನಮ್ಮಪ್ಪ ಹೇಗೆ ಸತ್ತ ಅಂತ ನನಗಿಂತ ಮೊದಲು ನಿನಗೆ ಗೊತ್ತಿತ್ತು. ಗೊತ್ತಿಟ್ಕೊಂಡು ನನ್ನನ್ನ ಕಾಫಿಗೆ ಕರೆದೆ."

"ಅದನ್ನ ಹೇಳೋ ಹಕ್ಕು ನನ್ನದಲ್ಲ ಒಡೆಟ್. ಅದು ಇವರದು. ನೀನು ಅದನ್ನ ಹಾಗೆ, ಅಷ್ಟು ಜನರ ಮಧ್ಯೆ ಕೇಳಬಾರದು ಅಂತ ಮಾತ್ರ ಇತ್ತು ನನಗೆ."

"ಎಲ್ಲರಿಗೂ ಗೊತ್ತು! ಕ್ಯಾಂಟೀನಿನಲ್ಲಿ ಕೂತವರಿಗೆಲ್ಲ ಗೊತ್ತು! ಅವನ ಮಗಳಿಗೆ ಮಾತ್ರ ಗೊತ್ತಿಲ್ಲ!" ಅವಳ ದನಿ ಗುಮ್ಮಟದವರೆಗೂ ಹೋಯಿತು. ಕಾರಿಡಾರಿನಲ್ಲಿ ಓಡಾಡುತ್ತಿದ್ದವರು ನಿಂತರು. "ನಾನಾಗಿ ಕರೆಯೋವರೆಗೆ ನನ್ನ ಮುಂದೆ ಬರಬೇಡ."

ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಡೆಟ್‌ಳೇ ಅವಳ ಪಿಕಪ್ ಓಡಿಸುತ್ತ ಉತ್ತರಕ್ಕೆ, ಊರಿನ ಕಡೆ, ಹೊರಟಳು. ಬ್ಯಾಂಗೋರ್ ದಾಟಿದ ಮೇಲೆ ರಸ್ತೆಯ ಎರಡೂ ಬದಿ ಬರೀ ಸ್ಪ್ರೂಸ್ ಮರ, ಅದರ ಬುಡದಲ್ಲಿ ಕೊಳೆಯಾದ ಹಿಮ. 

ಹದಿನಾರರ ವಯಸ್ಸಿನಲ್ಲಿ ಒಡೆಟ್ ಮಾವನ ಜೊತೆ ಬೇಟೆಗೆ ಹೋಗುತ್ತಿದ್ದಳು. ಬಂದೂಕು ಮುಟ್ಟಿದಾಗಲೆಲ್ಲ ಒಳಗೆ ಗುಂಡು ಇದೆಯಾ ಅಂತ ತೆರೆದು ನೋಡುತ್ತಿದ್ದಳು, ಮುಚ್ಚಿ ಮತ್ತೆ ತೆರೆದು ನೋಡುತ್ತಿದ್ದಳು. ಪ್ರತಿ ಸಲವೂ, ಅಪ್ಪ ಇಷ್ಟು ಮಾಡಿದ್ದರೆ ಸಾಕಿತ್ತಲ್ಲ ಅಂದುಕೊಳ್ಳುತ್ತಿದ್ದಳು. ಅಪ್ಪನ ಮೇಲೆ ಅವಳಿಗಿದ್ದ ಸಿಟ್ಟು ಅದೊಂದೇ, ಅಜಾಗರೂಕ ಮನುಷ್ಯ ಅಂತ. ಈಗ ಆ ಸಿಟ್ಟನ್ನು ಎಲ್ಲಿಡಬೇಕು ಅನ್ನುವುದು ತಿಳಿಯಲಿಲ್ಲ.

"ಅಪ್ಪ ಅಜಾಗರೂಕ ಅಂತ ನಾನು ಎಷ್ಟು ಜನಕ್ಕೆ ಹೇಳಿದ್ದೀನಿ ಗೊತ್ತಾ ಅಮ್ಮ?"

"ಗೊತ್ತು. ನನ್ನೆದುರಿಗೂ ಹೇಳಿದ್ದೀಯ. ಪ್ರತಿ ಸಲ ಎದೆಗೆ ಒದ್ದ ಹಾಗಾಗೋದು." ಲಿಯೋನಿ ಕಿಟಕಿಯಾಚೆ ನೋಡುತ್ತಿದ್ದಳು. "ನೀನು ಆಗ ಏಳು ವರ್ಷದ ಮಗು. ಅಪ್ಪ ನನ್ನನ್ನ ಬಿಟ್ಟುಹೋದ ಅಂತ ನಿನಗೆ ಅನ್ನಿಸೋದಕ್ಕಿಂತ, ಅಪ್ಪನ ಕೈತಪ್ಪಾಯ್ತು ಅಂತ ಅನ್ನಿಸಲಿ ಅಂದ್ಕೊಂಡೆ. ಆಮೇಲೆ ನೀನು ದೊಡ್ಡವಳಾದೆ. ಸುಳ್ಳು ಗಟ್ಟಿಯಾಗಿಬಿಟ್ಟಿತ್ತು."

ಹೂಲ್ಟನ್‌ನಲ್ಲಿ ಗಾಡಿ ನಿಲ್ಲಿಸಿ ಒಂದು ಹೋಟೆಲಿಗೆ ಹೋದರು. ಬಿಸಿ ಸೂಪು ಒಳಗೆ ಹೋದ ಮೇಲೆ ಒಡೆಟ್ ಅತ್ತಳು. ಬಡಿಸುವ ಹೆಂಗಸು ಏನೂ ಕೇಳದೆ ಟಿಶ್ಯೂ ಡಬ್ಬಿಯನ್ನೇ ತಂದಿಟ್ಟುಹೋದಳು. ಅಳು ನಿಲ್ಲುವವರೆಗೂ ಲಿಯೋನಿ ಮಗಳ ಬೆನ್ನು ಸವರುತ್ತಿದ್ದಳು. ಆಮೇಲೆ ಕೇಳಿದಳು:

"ಆ ಹುಡುಗ ಯಾರು?"

"ಯಾರೂ ಅಲ್ಲ."

"ಯಾರೂ ಅಲ್ಲದವನ ಮೇಲೆ ಹಾಗೆ ಕೂಗ್ತಾರಾ?"

ಒಡೆಟ್ ಮೂಗು ಒರೆಸಿಕೊಂಡಳು.

"ಅವನು ಒಂದು ರಾತ್ರಿ ಬಾಯಿ ಮುಚ್ಕೊಂಡಿದ್ದ. ನಾನು ಇಪ್ಪತ್ತನಾಲ್ಕು ವರ್ಷ," ಅಂದಳು ಲಿಯೋನಿ. "ಕೂಗೋದಿದ್ರೆ ಮೊದಲು ನನ್ನ ಮೇಲೆ ಕೂಗು. ಸರದಿ ಅಂತ ಒಂದಿರುತ್ತೆ."

ಒಡೆಟ್ ಅಳುತ್ತಲೇ ನಕ್ಕಳು. ನಗು ಬಂದದ್ದಕ್ಕೆ ಅವಳಿಗೇ ಗಾಬರಿಯಾಯಿತು.

ಹದಿನೈದು ದಿನ ಅಮ್ಮನ ಮನೆಯಲ್ಲಿದ್ದು ಅವಳು ಅಗಸ್ಟಾಕ್ಕೆ ವಾಪಸಾದಳು. ನೇರ ಸಂಪಾದಕಿಯ ಕೋಣೆಗೆ ಹೋದಳು. ವಿನಿಫ್ರೆಡ್ ಟೋಜಿಯರ್‌ಗೆ ಎಪ್ಪತ್ತರ ಹತ್ತಿರ ವಯಸ್ಸು. ಕನ್ನಡಕದ ಮೇಲಿಂದ ನೋಡಿದರೆ ಶಾಸಕರೇ ತಡವರಿಸುತ್ತಿದ್ದರು.

"ಬಂದೂಕಿನ ಮಸೂದೆಗಳನ್ನ ನಾನಿನ್ನು ಬರೆಯೋ ಹಾಗಿಲ್ಲ," ಅಂದಳು ಒಡೆಟ್. "ಅಮ್ಮ ಅಲ್ಲಿ ಸಾಕ್ಷಿ ಹೇಳಿದ್ದಾಳೆ. ಅದು ಒಂದು. ಇನ್ನೊಂದು..."

"ಬೀಲ್."

"ನಿಮಗೆ ಗೊತ್ತಾ?"

"ನಾನು ಪತ್ರಕರ್ತೆ ಕಣೇ. ಅವನು ಮಾರ್ಚ್ ಬಿಸಿಲಲ್ಲಿ ನಿನ್ನ ಟೋಪಿಯಿಂದ ಹಿಮ ಕೊಡವೋದನ್ನ ಈ ಕಿಟಕಿಯಿಂದಲೇ ನೋಡಿದ್ದೀನಿ." ವಿನಿಫ್ರೆಡ್ ಕುರ್ಚಿ ಎಳೆದುಕೊಂಡರು. "ಬೇರೆಯವರ ನೀತಿ ಬಗ್ಗೆ ವಾರವಾರ ಬರೀತೀವಿ. ನಮ್ಮದನ್ನೂ ಓದುಗರಿಗೆ ಹೇಳಿಬಿಡೋಣ. ಬರಿ."

ಒಡೆಟ್ ಅಲ್ಲೇ ನಿಂತು ಟೈಪ್ ಮಾಡಿದಳು. ಬಂದೂಕಿನ ಮಸೂದೆಗಳನ್ನು ಇನ್ನು ಬೇರೆಯವರು ವರದಿ ಮಾಡುತ್ತಾರೆ. ಒಡೆಟ್ ಸೀರ್ ಅವರ ತಾಯಿ ಮೂರು ದಿನದ ಮಸೂದೆಯ ಪರ ಮಾತಾಡಿದ್ದಾರೆ. ಅದೇ ಮಸೂದೆಯನ್ನು ವಿರೋಧಿಸುವ ಸಂಘದ ಲಿನ್‌ವುಡ್ ಬೀಲ್ ಅವರೊಂದಿಗೆ ಒಡೆಟ್ ಅವರಿಗೆ ಆಪ್ತ ಸಂಬಂಧ... ಅಲ್ಲಿ ಬೆರಳು ನಿಂತಿತು.

"ಏನಾಯ್ತು?"

"ಇತ್ತು ಅಂತ ಬರೀಲಾ, ಇದೆ ಅಂತ ಬರೀಲಾ?"

"ಅದು ನನ್ನನ್ನ ಕೇಳೋ ಪ್ರಶ್ನೆ ಅಲ್ಲ," ಅಂದರು ವಿನಿಫ್ರೆಡ್. "ತಪ್ಪು ಮಾತ್ರ ಅಚ್ಚಾಗಬಾರದು."

ಪರದೆಯ ಮೇಲಿನ ಗೆರೆ ಮಿಣುಕುತ್ತಿತ್ತು. ಕೈಚೀಲವನ್ನು ಎರಡು ಕೈಯಲ್ಲಿ ಹಿಡಿದು ನಿಂತವನು ನೆನಪಾದ. ಸುಳ್ಳು ಹೇಳಬಹುದಾಗಿದ್ದಾಗ ಹೇಳದವನು. ಒಡೆಟ್ ‘ಇದೆ’ ಅಂತ ಎರಡಕ್ಷರ ಒತ್ತಿದಳು. ಒತ್ತಿದ ಮೇಲೆ, ಬಿಸಿ ಪಾತ್ರೆ ಮುಟ್ಟಿದವಳ ಹಾಗೆ ಕೈ ಹಿಂದಕ್ಕೆ ತೆಗೆದುಕೊಂಡಳು.

ಶುಕ್ರವಾರ ಬೆಳಿಗ್ಗೆ ಕ್ಯಾಂಟೀನಿನಲ್ಲಿ ಅವಳು ತಲೆ ತಗ್ಗಿಸಿ ಓಟ್‌ಮೀಲ್ ತಿನ್ನುತ್ತಿದ್ದಳು. ಎದುರಿನ ಕುರ್ಚಿಯ ಹಿಂದೆ ಯಾರೋ ಬಂದು ನಿಂತರು.

"ನೀನಾಗಿ ಕರೆಯೋವರೆಗೆ ಬರಬೇಡ ಅಂದಿದ್ದೆ," ಅಂದ ಲಿನ್. ಕೈಯಲ್ಲಿ ಪತ್ರಿಕೆ ಇತ್ತು. "ಇದು ಕರೆದ ಹಾಗಾ?"

"ಅದು ಓದುಗರಿಗೆ."

"ಹೂಂ. ನಾನೂ ಓದುಗನೇ. ಎರಡು ಡಾಲರ್ ಕೊಟ್ಟು ಕೊಂಡಿದ್ದೀನಿ." ಅವನ ಕಿವಿ ಕೆಂಪಾಗಿತ್ತು. "ಇಡೀ ರಾಜ್ಯಕ್ಕೆ ಹೇಳೋ ಮೊದಲು ಯಾರಾದ್ರೂ ನನಗೊಂದು ಮಾತು ಹೇಳಬಹುದಿತ್ತು. ನಮ್ಮಮ್ಮ ಜೋನ್ಸ್‌ಪೋರ್ಟ್‌ನಿಂದ ಫೋನ್ ಮಾಡಿ, ಯಾರೋ ಇದು ಸೀರ್ ಅಂದ್ರೆ ಅಂತ ಕೇಳಿದ್ಲು. ಬಾಯಲ್ಲಿದ್ದ ಕಾಫಿ ಶರ್ಟಿನ ಮೇಲೆ ಬಿತ್ತು."

ಶರ್ಟಿನ ಮೇಲೆ ನಿಜವಾಗಿಯೂ ಕಲೆಯಿತ್ತು. ಒಡೆಟ್ ತುಟಿ ಕಚ್ಚಿಕೊಂಡಳು.

"ಕೂತ್ಕೋ."

ಅವನು ಕೂತ. ಸಂಘದ ಹಿರಿಯರು ಅವನ ಕೈಯಿಂದ ಬಂದೂಕಿನ ಮಸೂದೆಗಳನ್ನು ಕಿತ್ತುಕೊಂಡಿದ್ದರು. "ಮೂಸ್ ಬೇಟೆ ಪರವಾನಗಿ ಮಾತ್ರ ನೋಡ್ಕೋ ಅಂದಿದ್ದಾರೆ. ಮೂಸ್‌ಗಳ ಮುಂದೆಯಾದ್ರೂ ಮಾತು ತಪ್ಪದೆ ಇರಲಿ ಅಂತ." ನಕ್ಕ, ನಗು ಬೇಗ ಆರಿತು. "ಒಡೆಟ್, ಆ ಮಸೂದೆ ಪರ ಆಗಿಬಿಟ್ಟೆ ಅಂತ ನಿನ್ನನ್ನ ಮೆಚ್ಚಿಸೋಕೆ ಹೇಳಲ್ಲ. ಇನ್ನೂ ಯೋಚಿಸ್ತಿದ್ದೀನಿ. ಆ ಸಾಲು ಮಾತ್ರ ಇನ್ನೆಂದೂ ಬರೆಯಲ್ಲ. ಅವತ್ತು ಬೆಳಿಗ್ಗೆ ನಿನಗೆ ಹೇಳದೆ ಇದ್ದದ್ದು ಸರಿಯೋ ತಪ್ಪೋ, ಅದೂ ಗೊತ್ತಿಲ್ಲ."

"ನನಗೂ ಗೊತ್ತಿಲ್ಲ," ಅಂದಳು ಅವಳು. "ನಿನ್ನ ಜಾಗದಲ್ಲಿ ನಾನಿದ್ರೂ ಹೇಳ್ತಿರಲಿಲ್ಲವೇನೋ. ಅದಕ್ಕೇ ಇನ್ನೂ ಸಿಟ್ಟು."

"ಒಂದು ಮಾತ್ರ ಗೊತ್ತು ನನಗೆ."

"ಏನು?"

"ಪತ್ರಿಕೆಯವರು ‘ಆಪ್ತ ಸಂಬಂಧ’ ಅಂತ ಹಾಕಿದ್ದಾರಲ್ಲ, ಅದಕ್ಕೆ ನಾನು ಪ್ರೀತಿ ಅಂತಿದ್ದೆ. ಜನವರಿಯಿಂದಲೂ." ಅವನು ಮೇಜನ್ನು ನೋಡುತ್ತ ಹೇಳಿದ. "ನಿನ್ನನ್ನ ಪ್ರೀತಿಸ್ತೀನಿ ಒಡೆಟ್."

ಕೌಂಟರಿನ ಹಿಂದೆ ಪ್ಲೇಟು ಒರೆಸುತ್ತಿದ್ದ ಹೆಂಗಸಿನ ಕೈ ನಿಂತಿತು. ಒಡೆಟ್‌ಳ ಚಮಚವೂ ನಿಂತಿತು. ಮೂರು ತಿಂಗಳಿಂದ ಗೊತ್ತಿದ್ದ ಮಾತು, ಆದರೂ ಕೇಳಿದಾಗ ಮೈಯೆಲ್ಲ ಜುಮ್ಮೆಂದಿತು. ಅವಳು ಏನೋ ಹೇಳಲು ಹೊರಟಳು. ಅಷ್ಟರಲ್ಲಿ ಸದನದ ಗಂಟೆ ಬಡಿಯಿತು. ಆರೋಗ್ಯ ಮಸೂದೆಯ ಮತದಾನ.

"ನಾನು ಹೋಗಬೇಕು," ಅಂದಳು, ಎದ್ದು ನಿಂತು.

"ಹೋಗು. ನಾನು ಕಾಯ್ತೀನಿ."

ಮೂರು ದಿನದ ಮಸೂದೆ ಸೆನೆಟ್ಟಿಗೆ ಬಂದದ್ದು ಏಪ್ರಿಲ್ ಕೊನೆಯಲ್ಲಿ. ಕೆನೆಬೆಕ್ ನದಿಯ ಮಂಜುಗಡ್ಡೆ ಒಡೆದು ಹರಿದುಹೋಗಿತ್ತು. ಒಡೆಟ್ ಪತ್ರಕರ್ತರ ಜಾಗಕ್ಕೆ ಹೋಗದೆ ಮೇಲಿನ ಗ್ಯಾಲರಿಯಲ್ಲಿ, ಜನರ ನಡುವೆ ಕೂತಿದ್ದಳು. ಗೆಲ್ಲುತ್ತದೆ ಅಂತ ಎಲ್ಲರೂ ಹೇಳುತ್ತಿದ್ದರು. ಅವಳೂ ತಲೆಯಲ್ಲೇ ಲೆಕ್ಕ ಹಾಕಿದ್ದಳು, ಎಷ್ಟು ಸಲ ಹಾಕಿದರೂ ಗೆಲುವೇ ಬರುತ್ತಿತ್ತು.

ಫಲಕದ ಮೇಲೆ ಹಸಿರು ದೀಪ, ಕೆಂಪು ದೀಪ ಒಂದೊಂದಾಗಿ ಹತ್ತಿದವು. ಪರ ಇರುತ್ತೇನೆ ಅಂದಿದ್ದ ಒಬ್ಬ ಸದಸ್ಯರ ಹೆಸರಿನ ಮುಂದೆ ಕೆಂಪು ಹತ್ತಿತು. ಗ್ಯಾಲರಿಯಲ್ಲಿ ಯಾರೋ "ಇಲ್ಲ!" ಅಂತ ಚೀರಿದರು. ಮಸೂದೆ ಒಂದೇ ಮತದಲ್ಲಿ ಬಿತ್ತು.

ಒಡೆಟ್ ಮರಗಟ್ಟಿ ಕೂತಳು. ಸಭಾಪತಿ ಆಗಲೇ ಮುಂದಿನ ವಿಷಯಕ್ಕೆ ಹೋಗಿದ್ದರು. ಕೆಳಗೆ ಬಾಗಿಲ ಬಳಿ ಕಿತ್ತಳೆ ಟೋಪಿಗಳು ಕೈ ಕುಲುಕುತ್ತಿದ್ದವು. ಅವರಲ್ಲೊಬ್ಬ ಲಿನ್‌ನತ್ತ ಕೈ ಚಾಚಿದ. ಲಿನ್ ಅದನ್ನು ಹಿಡಿದು, ಏನೋ ಹೇಳಿ ಬಿಟ್ಟು, ಗ್ಯಾಲರಿಯ ಮೆಟ್ಟಿಲು ಹತ್ತತೊಡಗಿದ.

ಅವಳು ಫೋನ್ ಎತ್ತಿ ಅಮ್ಮನಿಗೆ ಹೇಳಿದಳು. ಆ ಕಡೆಯಿಂದ ಪಾತ್ರೆಗಳ ಸದ್ದು ನಿಂತಿತು.

"ಬಿತ್ತಾ?"

"ಬಿತ್ತು ಅಮ್ಮ. ಒಂದೇ ಮತ."

ಆ ಕಡೆ ನಲ್ಲಿ ನಿಲ್ಲಿಸಿದ ಸದ್ದು ಕೇಳಿಸಿತು.

"ಮತ್ತೆ ತರ್ತಾರಾ?"

"ಮುಂದಿನ ವರ್ಷ ತರಬಹುದು."

"ಹಾಗಾದ್ರೆ ಮತ್ತೆ ಬರ್ತೀನಿ. ಈಗ ಹೇಳೋಕೆ ಬರುತ್ತೆ ನನಗೆ." ಮೂಗೆಳೆದುಕೊಂಡ ಸದ್ದು. "ಆ ಹುಡುಗ ಅಲ್ಲಿದ್ದಾನಾ?"

ಲಿನ್ ಬಂದು ಅವಳಿಂದ ಒಂದು ಕುರ್ಚಿ ಬಿಟ್ಟು ಕೂತಿದ್ದ. ಗೆದ್ದವರ ಕಡೆಯವನು, ಸೋತವನ ಮುಖ.

"ಇದ್ದಾನೆ."

"ಭಾನುವಾರ ಕರ್ಕೊಂಡು ಬಾ. ಪ್ಲಾಯ್ ಮಾಡ್ತೀನಿ. ಅವನ ಹತ್ರ ನನಗೆ ಇನ್ನೂ ಮಾತಿದೆ." ಫೋನ್ ಇಟ್ಟಾಯಿತು.

"ಏನಂದ್ರು?" ಅಂದ ಲಿನ್.

"ಭಾನುವಾರ ಊಟಕ್ಕೆ ಬರಬೇಕಂತೆ. ಪ್ಲಾಯ್ ಅಂದ್ರೆ ನಮ್ಮೂರಿನ ಬಕ್‌ವೀಟ್ ಹಿಟ್ಟಿನ ದೋಸೆ. ಮುಗಿಸದೆ ಏಳೋಕೆ ಬಿಡಲ್ಲ ಅವಳು."

"ನನ್ನನ್ನಾ? ಇವತ್ತು?" ಅವನು ನಿಜವಾಗಿಯೂ ಬೆಚ್ಚಿಬಿದ್ದಿದ್ದ. "ಇವತ್ತು ಇದು ಬಿದ್ದ ಮೇಲೂ?"

"ನನಗೂ ಆಶ್ಚರ್ಯ," ಅಂದಳು ಒಡೆಟ್. ಕಣ್ಣೀರು ಗಲ್ಲದವರೆಗೂ ಇಳಿದಿತ್ತು, ಒರೆಸಿಕೊಳ್ಳಲಿಲ್ಲ. "ಲಿನ್, ಅವತ್ತು ಕ್ಯಾಂಟೀನಲ್ಲಿ ಗಂಟೆ ಹೊಡೀತಲ್ಲ."

"ಹೊಡೀತು."

"ಹೊಡೆಯದೆ ಇದ್ದಿದ್ರೆ, ನಾನೂ ಅಂತ ಹೇಳ್ತಿದ್ದೆ. ನಾನೂ ಪ್ರೀತಿಸ್ತೀನಿ."

ಅವನು ಮಧ್ಯದ ಖಾಲಿ ಕುರ್ಚಿಗೆ ಸರಿದು ಕೂತ. ಅವಳು ಅವನ ಕೈ ತೆಗೆದುಕೊಂಡು, ಬೆರಳಿಗೆ ಬೆರಳು ಹೆಣೆದು, ಎದ್ದು ಬಾಗಿಲ ಕಡೆಗೆ ನಡೆದಳು. ಕೆಳಗಿನ ಹಜಾರದಲ್ಲಿ ಕಿತ್ತಳೆ ಟೋಪಿಗಳೂ ಹಸಿರು ರಿಬ್ಬನ್ನುಗಳೂ ತುಂಬಿದ್ದವು.

"ಒಡೆಟ್," ಅಂದ ಲಿನ್ ಮೆಲ್ಲಗೆ, "ಎಲ್ಲರೂ ನೋಡ್ತಿದ್ದಾರೆ."

"ನೋಡಲಿ ಬಿಡು," ಅಂದಳು ಅವಳು. "ಪೇಪರ್‌ನಲ್ಲೇ ಬಂದಾಗಿದೆ."